ಇಪ್ಪತ್ತೆಂಟು ಗಂಟಿನ ಹಗ್ಗ

ಮಡೆಪ್ಪನಿಗೆ ನೆಲದ ಮೇಲೆ ನಂಬಿಕೆ ಇರಲಿಲ್ಲ. ಭಾತಂಬ್ರಾದ ಎರೆಮಣ್ಣಿನಲ್ಲಿ ಹುಟ್ಟಿ ಬೆಳೆದ ಯಾವ ಗೌಂಡಿಗೂ ಇರುವುದಿಲ್ಲ. ಆ ಕಪ್ಪು ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಮೊಳದುದ್ದ ಬಿರುಕು ಬಿಟ್ಟು ಬಾಯಿ ತೆರೆಯುತ್ತದೆ. ಎರಡು ವರ್ಷ ಹೀಗೆ ಉಬ್ಬಿ ಇಳಿದರೆ ಸಾಕು, ಗೋಡೆ ಮೇಲಿನಿಂದ ಕೆಳಗೆ ಸೀಳಿ ಮನೆಯ ಯಜಮಾನ ಗೌಂಡಿಯ ಅಂಗಿ ಹಿಡಿಯಲು ಬರುತ್ತಾನೆ. ಅದಕ್ಕೇ ಮಡೆಪ್ಪ ಮನೆ ಕಟ್ಟುವುದಕ್ಕಿಂತ ಹೆಚ್ಚು ದಿನ ನೆಲ ಕಟ್ಟುತ್ತಿದ್ದ. ಕಪ್ಪು ಮಣ್ಣನ್ನು ಸೊಂಟದಾಳ ತೆಗೆದು ಹೊರಗೆ ಚೆಲ್ಲಬೇಕು, ಆ ತಗ್ಗಿಗೆ ಮುರುಮ ಎಂಬ ಕೆಂಪು ಗರಸು ಮಣ್ಣು ತುಂಬಬೇಕು, ಕಬ್ಬಿಣದ ದಿಮ್ಮಸು ಎತ್ತಿ ಎತ್ತಿ ಬಡಿದು ಅದನ್ನು ಕಲ್ಲು ಮಾಡಬೇಕು, ಆಮೇಲೆ ಒಂದು ಹನಿ ನೀರೂ ಅತ್ತ ಸುಳಿಯದಂತೆ ಕಾಯಬೇಕು. ಮೂವತ್ತು ವರ್ಷ ಇದನ್ನೇ ಮಾಡಿದವನಿಗೆ ನೀರು ಕಂಡರೆ ಆಗುತ್ತಿರಲಿಲ್ಲ. ಮಳೆಗಾಲ ಬಂತೆಂದರೆ ಊರೆಲ್ಲ ಖುಷಿಪಟ್ಟರೆ ತನ್ನ ಗಂಡನೊಬ್ಬ ಮುಖ ಗಂಟಿಕ್ಕಿಕೊಂಡು ತಿರುಗುತ್ತಾನೆ ಎಂದು ಹೆಂಡತಿ ಈರಮ್ಮ ಎಲ್ಲರೆದುರು ಆಡಿಕೊಳ್ಳುತ್ತಿದ್ದಳು.

ಇಂಥ ಮನುಷ್ಯ, ನಿಜಾಮರ ರಾಜ್ಯ ಮುಗಿಸಿದ ಮಿಲ್ಟ್ರಿ ಬಂದು ಹೋದ ಮರು ಬೇಸಿಗೆಯಲ್ಲಿ, ಬೀದರಿನ ಚಿದ್ರಿಯ ಹತ್ತಿರ, ಹೆಸರಿಗೆ ಮಾತ್ರ ನೆಲವಾಗಿದ್ದ ಒಂದು ಜಾಗದ ಮೇಲೆ ಮನೆ ಕಟ್ಟಿಕೊಡುತ್ತೇನೆಂದು ನಿಂತಿದ್ದ. ಆ ಜಾಗ ಹಿಂದೊಮ್ಮೆ ಕೆಂಪು ಕಲ್ಲು ತೆಗೆದ ಖಣಿ. ಕಲ್ಲು ಮುಗಿದ ಮೇಲೆ ಊರಿನವರು ಅದರೊಳಗೆ ಬೂದಿ, ಹೆಂಚಿನ ಚೂರು, ಬಿದ್ದ ಗೋಡೆಗಳ ಮಣ್ಣು ಎಲ್ಲವನ್ನೂ ಸುರಿದು ತುಂಬಿಸಿದ್ದರು. ಗಲಾಟೆಯಲ್ಲಿ ಮನೆ ಕಳೆದುಕೊಂಡು ಹಳ್ಳಿಗಳಿಂದ ಬಂದವರಿಗೆ ಕಚೇರಿಯವರು ಜಾಗ ಹಂಚಿದಾಗ ವಿಧವೆ ಶಾಕಿರಾ ಬೇಗಂಗೆ ಸಿಕ್ಕಿದ್ದು ಇದು. ಆಕೆ ಔರಾದಿನಿಂದ ಮಗಳು ಗುಲಶನಳನ್ನು, ಅಳಿಯ ಮಕ್ಬೂಲನನ್ನು ಕಟ್ಟಿಕೊಂಡು ಬಂದು ದಾರಿಹೋಕರು ತಂಗುವ ಒಂದು ಹಳೆಯ ಸರಾಯಿಯ ಪಡಸಾಲೆಯಲ್ಲಿ ದಿನ ತೆಗೆಯುತ್ತಿದ್ದಳು. ಗುಲಶನಳಿಗೆ ಏಳು ತಿಂಗಳು ತುಂಬಿತ್ತು. ಮಳೆ ಹಿಡಿಯುವುದರೊಳಗೆ ಸರಾಯಿ ಖಾಲಿ ಮಾಡಬೇಕೆಂದು ಹುಕುಂ ಬಂದಿತ್ತು. ಒಂದೇ ಒಂದು ಖೋಲಿ ಸಾಕು, ಬಾಣಂತಿಯ ತಲೆಯ ಮೇಲೆ ಬೀಳದಿರುವ ಖೋಲಿ.

ತಾನು ಯಾರು, ಯಾಕೆ ಬಂದೆ ಎಂದು ಮಡೆಪ್ಪ ಆಕೆಗೆ ಪೂರ್ತಿ ಹೇಳಿರಲಿಲ್ಲ. ಭಾಲ್ಕಿ ಕಡೆಯ ಗೌಂಡಿ, ತೀರಿಹೋದ ನಿಮ್ಮ ಯಜಮಾನರು ಲಾಲ ಅಹ್ಮದ ನನಗೊಂದು ಕೆಲಸ ಹೇಳಿದ್ದರು, ಅದು ಮುಗಿಯದೆ ಉಳಿದಿದೆ ಎಂದಷ್ಟೇ ಹೇಳಿದ್ದ. ಆಕೆ ಅದು ಮನೆ ಕಟ್ಟುವ ಮಾತೇ ಇರಬೇಕೆಂದುಕೊಂಡಳು. ಅವನೂ ತಿದ್ದಲಿಲ್ಲ. ತಿದ್ದುವ ಧೈರ್ಯ ಇದ್ದಿದ್ದರೆ ಅವನು ಎಂಟು ತಿಂಗಳು ಮೊದಲೇ ಬರುತ್ತಿದ್ದ.

ನಡೆದದ್ದು ಇಷ್ಟು. ಹಿಂದಿನ ವರ್ಷ, ಮಿಲ್ಟ್ರಿ ಬರುವುದಕ್ಕೆ ಮೂರು ತಿಂಗಳು ಮೊದಲು, ಮಡೆಪ್ಪ ಭಾತಂಬ್ರಾದ ಇಪ್ಪತ್ತಾರು ಜನರನ್ನು ಕರೆದುಕೊಂಡು ಬೀದರಿನಲ್ಲಿ ಒಂದು ಕಾಳಿನ ಗೋದಾಮಿನ ನೆಲ ಬಡಿಯಲು ಬಂದಿದ್ದ. ಗಂಡಸರು, ಹೆಂಗಸರು, ಮುದುಕಿ ಸತ್ಯಮ್ಮ, ಅವನ ಹೆಂಡತಿ ಈರಮ್ಮ, ತಾನೂ ಸೇರಿ ಇಪ್ಪತ್ತೇಳು ತಲೆ. ಅದು ಯಾರು ಯಾರನ್ನು ಬೇಕಾದರೂ ಅನುಮಾನಿಸಬಹುದಾದ ಕಾಲ. ಈ ಕೂಲಿಗಳು ನಿಜಾಮರ ವಿರುದ್ಧ ಗಡಿಯಾಚೆ ಶಿಬಿರ ಹೂಡಿದವರಿಗೆ ಸುದ್ದಿ ಮುಟ್ಟಿಸುವವರು ಎಂದು ಯಾರೋ ಪುಕಾರು ಎಬ್ಬಿಸಿದರು. ಒಂದು ಶುಕ್ರವಾರ ಬಿಸಿಲು ನೆತ್ತಿಗೇರುವ ಹೊತ್ತಿಗೆ, ಊರ ಸುರಂಗ ಬಾವಿಯನ್ನು ನೋಡಿಕೊಳ್ಳುವ ಉಸ್ತಾದ ಲಾಲ ಅಹ್ಮದ ಈ ಕೂಲಿಗಳ ಬಿಡಾರಕ್ಕೆ ಬಂದ. ಸುರಂಗ ಬಾವಿ ಎಂದರೆ ಬಾದಶಹರ ಕಾಲದಲ್ಲಿ ಕೆಂಪು ಕಲ್ಲಿನ ಹೊಟ್ಟೆ ಕೊರೆದು ಮಾಡಿದ ನೀರಿನ ದಾರಿ. ಮೇಲೆ ಅಲ್ಲಲ್ಲಿ ಬಾವಿಯಂಥ ಬಾಯಿಗಳು, ಕೆಳಗೆ ಊರ ಈ ತುದಿಯಿಂದ ಆಚೆಯ ಹೊಲಗಳವರೆಗೆ ಹರಿಯುವ ನೀರು. ನಿಜಾಮರ ಕಡೆಯ ಬಂದೂಕಿನವರು ಈ ಕಡೆಗೇ ಹೊರಟಿದ್ದಾರೆ, ರಸ್ತೆ ಹಿಡಿದರೆ ಯಾರೂ ಉಳಿಯುವುದಿಲ್ಲ, ನನ್ನ ಹಿಂದೆ ಬನ್ನಿ ಎಂದ. ಚಿದ್ರಿಯ ಬಾಯಿಯಿಂದ ಅಷ್ಟೂ ಜನರನ್ನು ಒಬ್ಬೊಬ್ಬರನ್ನಾಗಿ ಕೆಳಗಿಳಿಸಿದ.

ಇಳಿಸುವಾಗ ಆತ ಒಂದು ಕೆಲಸ ಮಾಡಿದ. ಸೊಂಟದಲ್ಲಿದ್ದ ಸೆಣಬಿನ ಹಗ್ಗ ಬಿಚ್ಚಿ, ಮೊದಲು ತನಗೊಂದು ದೊಡ್ಡ ಗಂಟು, ಆಮೇಲೆ ಇಳಿದ ಪ್ರತಿಯೊಬ್ಬರಿಗೂ ಒಂದೊಂದು ಗಂಟು ಹಾಕಿದ. ಅದು ಸುರಂಗದವರ ಪದ್ಧತಿ. ಒಳಗಿಳಿದವನ ಲೆಕ್ಕ ಹಗ್ಗದಲ್ಲಿರಬೇಕು. ಅವನು ಮೇಲೆ ಬಂದದ್ದನ್ನು ಉಸ್ತಾದ ಕಣ್ಣಾರೆ ಕಂಡ ಮೇಲೆಯೇ ಆ ಗಂಟು ಬಿಚ್ಚಬೇಕು. ಉಸ್ತಾದನ ಗಂಟು ಎಲ್ಲರದೂ ಬಿಚ್ಚಿದ ಮೇಲೆ, ಕೊನೆಯದು.

ಒಳಗೆ ಸೊಂಟದವರೆಗೆ ನೀರು. ಒಂದೇ ದೀಪ, ಅದು ಮುಂದೆ ಉಸ್ತಾದನ ಕೈಯಲ್ಲಿ. ಮಡೆಪ್ಪನಿಗೆ ಬಂದೂಕಿನ ಭಯಕ್ಕಿಂತ ತಲೆಯ ಮೇಲಿನ ನೆಲದ ಭಯವೇ ಹೆಚ್ಚಾಗಿತ್ತು. ಒಂದು ಕಂಬವಿಲ್ಲ, ಒಂದು ಹಲಗೆಯಿಲ್ಲ, ಇದಕ್ಕೆ ಆಸರೆ ಎಲ್ಲಿದೆ ಎಂದು ಹಲ್ಲು ಕಡಿಯುತ್ತ ಕೇಳಿದ. ಲಾಲ ಅಹ್ಮದ ತಿರುಗಿ ನೋಡದೆಯೇ ಹೇಳಿದ:

“ಕೆಂಪ ಕಲ್ಲಿಗಿ ಆಸರಾ ಬ್ಯಾಡ ಮಡೆಪ್ಪ. ಅದು ಐದುನೂರು ವರ್ಷ ಹಿಂಗೇ ನಿಂತದ. ಆಸರಾ ಬೇಕಾಗೂದು ಮನಷ್ಯಾರಿಗಿ. ಹಗ್ಗ ಹಿಡಕೊಂಡು ಬಾ.”

ಆಚೆ ತುದಿಯಲ್ಲಿ ಜೋಳದ ಹೊಲಗಳ ನಡುವೆ ಎಲ್ಲರೂ ಹೊರಬಂದಾಗ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಮುದುಕಿ ಸತ್ಯಮ್ಮ ಆತನ ಒದ್ದೆ ಕೈಗಳನ್ನು ಹಣೆಗೆ ಒತ್ತಿಕೊಂಡು ಅತ್ತಳು. ಈರಮ್ಮ, ಗಂಟು ಬಿಚ್ಚುವುದಿಲ್ಲವೇನು ಅಣ್ಣಾ ಎಂದು ಕೇಳಿದ್ದಕ್ಕೆ ಆತ ತಲೆಯಾಡಿಸಿದ. ಬಿಸಿಲಿಗೆ ಬಂದಿದ್ದೀರಿ ನಿಜ, ಮನೆಗೆ ಬಂದಿಲ್ಲ, ಎಲ್ಲರೂ ಊರು ಮುಟ್ಟಿದಿರೆಂದು ಸುದ್ದಿ ಕಳಿಸಿ, ಆವತ್ತು ಬಿಚ್ಚುತ್ತೇನೆ ಎಂದ. ಮಡೆಪ್ಪನ ಭುಜ ತಟ್ಟಿ, ಸುದ್ದಿ ಕಳಿಸುವ ಕೆಲಸ ನಿನ್ನದು ಎಂದ. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಬಂದ ದಾರಿಯಲ್ಲೇ ನೀರಿಗಿಳಿದು ಮರಳಿ ಹೋದ.

ಆ ಒಂದು ಸುದ್ದಿಯನ್ನು ಮಡೆಪ್ಪ ಕಳಿಸಲಿಲ್ಲ. ಮೊದಲ ತಿಂಗಳು, ಅಂಚೆಯ ಕಾಗದ ಒಡೆದು ಓದುತ್ತಾರೆ, ಆತನಿಗೇ ಕುತ್ತು ಬರುತ್ತದೆ ಎಂದು ಹೆದರಿದ. ಎರಡನೆಯ ತಿಂಗಳು, ಬೀದರಿಗೆ ಹೋಗುವವರು ಯಾರಾದರೂ ಸಿಕ್ಕಾರು ಎಂದು ಕಾದ. ಮೂರನೆಯ ತಿಂಗಳು ಮಿಲ್ಟ್ರಿ ಬಂತು, ನಿಜಾಮರ ರಾಜ್ಯ ಐದು ದಿನದಲ್ಲಿ ಮುಗಿಯಿತು. ಆ ವಾರ ಹಳೆಯ ಸೇಡು ತೀರಿಸಲು ಹೊರಟವರಿಗೆ, ಯಾರು ಯಾವ ಪಾಪ ಮಾಡಿದ್ದಾರೆ ಎಂದು ಕೇಳುವ ವ್ಯವಧಾನ ಇರಲಿಲ್ಲ. ಹೆಂಡತಿ ಮಗಳನ್ನು ಬೀದರಿಗೆ ಕರೆತರಲು ಔರಾದಿನ ದಾರಿ ಹಿಡಿದಿದ್ದ ಲಾಲ ಅಹ್ಮದ ದಾರಿಯಲ್ಲೇ ಉಳಿದ. ಹೊಡೆದು ಕೊಂದವರು ದೂರದಿಂದ ಬಂದವರಲ್ಲ. ನಮ್ಮ ಕಡೆಯವರೇ, ನಮ್ಮ ಮಾತು ಆಡುವವರೇ. ದಸರೆಯ ಹೊತ್ತಿಗೆ ಖುದ್ದಾಗಿ ಹೇಳಿಬರುತ್ತೇನೆಂದು ಬೀದರಿಗೆ ಬಂದ ಮಡೆಪ್ಪ ಆತನ ಖೋಲಿಯ ಬೀಗ ನೋಡಿ, ನೆರೆಯವರಿಂದ ಸಾವಿನ ಸುದ್ದಿ ಕೇಳಿ ಹಾಗೇ ಊರಿಗೆ ಮರಳಿದ್ದ. ವಿಧವೆಯ ಪತ್ತೆ ಹಚ್ಚಲು, ಆಮೇಲೆ ಮುಖ ತೋರಿಸುವ ಧೈರ್ಯ ಕೂಡಿಸಲು ಅವನಿಗೆ ಉಗಾದಿಯವರೆಗೆ ಹಿಡಿಯಿತು.

ಆದ್ದರಿಂದ ಈ ಖೋಲಿ ಅಲುಗಬಾರದಿತ್ತು. ಅವನಿಗೆ ಉಳಿದಿದ್ದ ದಾರಿ ಅದೊಂದೇ.

ಕೆಲಸ ಹಿಡಿದ ಮೊದಲ ದಿನವೇ ಶಾಕಿರಾ ಬೇಗಂ ಬಂದು ನಿಂತು ನೋಡಿದಳು. ಎತ್ತರದ ಹೆಂಗಸು, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಬೂದಿ ಮಣ್ಣನ್ನು ಸೊಂಟದಾಳ ತೆಗೆಸಿ ಮಡೆಪ್ಪ ಮುರುಮ ಸುರಿಸುತ್ತಿದ್ದ. ಮಕ್ಬೂಲ ತನ್ನ ಬಂಡಿಯಲ್ಲಿ ಮುರುಮ ತಂದು ಹಾಕುತ್ತಿದ್ದ. ಇದಕ್ಕೆ ನೀರು ಕುಡಿಸುವುದಿಲ್ಲವೇ ಎಂದು ಆಕೆ ಕೇಳಿದಳು. ಮಡೆಪ್ಪ ನಕ್ಕುಬಿಟ್ಟ. ಬುನಾದಿಗೆ ನೀರೇ ವೈರಿ, ಇದು ನನ್ನ ಕೆಲಸ, ನೀವು ನೆರಳಿಗೆ ಹೋಗಿ ಭಾಬಿ ಎಂದ. ಆಕೆ ಹೋದಳು. ಗೌಂಡಿಗಳಿಗೆ ಹೆಂಗಸರು ಬುನಾದಿಯ ಬಗ್ಗೆ ಹೇಳಿದರೆ ಕಿವಿ ಕೇಳಿಸುವುದಿಲ್ಲ, ಅದೊಂದು ಹಳೆಯ ಜಡ್ಡು.

ಒಂಬತ್ತು ದಿನ ಒಣ ಮುರುಮದ ಮೇಲೆ ದಿಮ್ಮಸು ಬಿತ್ತು. ಹತ್ತನೆಯ ದಿನ ನೆಲ ಕಬ್ಬಿಣ ಬಡಿದಾಗ ಖಣಖಣ ಎನ್ನುತ್ತಿತ್ತು. ಮಡೆಪ್ಪ ಮೀಸೆಯಡಿ ನಕ್ಕು, ಮೂಡಣ ಮೂಲೆಯಲ್ಲಿ ಎರಡು ವರಸೆ ಕಲ್ಲು ಏರಿಸಿದ. ಆ ಸಂಜೆ ರೋಹಿಣಿ ಮಳೆಯ ಮೊದಲ ಸರಿ ಬಂತು. ದೊಡ್ಡದೇನಲ್ಲ, ಅರ್ಧ ತಾಸು. ಬೆಳಿಗ್ಗೆ ಬಂದು ನೋಡಿದರೆ ಮೂಡಣ ಮೂಲೆ ಒಂದು ಗೇಣು ಕೆಳಗಿಳಿದಿತ್ತು. ಎರಡು ವರಸೆಯೂ ನಡುವಿಗೆ ಬಾಯಿ ಬಿಟ್ಟಿದ್ದವು.

ಮಡೆಪ್ಪ ಆ ಬಿರುಕಿನಲ್ಲಿ ಬೆರಳಿಟ್ಟು ಬಹಳ ಹೊತ್ತು ಕೂತ. ಎರೆಮಣ್ಣು ನೀರಿಗೆ ಉಬ್ಬುವುದನ್ನು ಅವನು ಸಾವಿರ ಸಲ ಕಂಡಿದ್ದ. ನೀರಿಗೆ ಕುಸಿಯುವ ನೆಲವನ್ನು ಕಂಡಿರಲಿಲ್ಲ. ಒಣಗಿದ್ದಾಗ ಕಲ್ಲಾಗಿದ್ದ ತುಂಬುಮಣ್ಣು ಒಳಗೊಳಗೇ ಪೊಳ್ಳಾಗಿತ್ತು, ಹನಿ ಬಿದ್ದದ್ದೇ ತಡ ಕೂತುಬಿಟ್ಟಿತು. ತನ್ನೂರಿನ ಜಾಣತನವನ್ನು ಬೇರೆ ನೆಲಕ್ಕೆ ಹೊತ್ತು ತಂದು ಬಡಿದಿದ್ದ. ಮಕ್ಬೂಲ ಎತ್ತಿನ ಕೊರಳು ಸವರುತ್ತ ನಿಂತಿದ್ದ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಮಡೆಪ್ಪನಿಗೆ.

ಶಾಕಿರಾ ಬೇಗಂ ಬಂದು ಮೂಲೆ ನೋಡಿದಳು. ನಾನು ಹೇಳಿರಲಿಲ್ಲವೇ ಎನ್ನಲಿಲ್ಲ.

“ಬಿಡ್ರಿ ಗೌಂಡಿಯವರ,” ಎಂದಳು. “ನಿಮ್ಮ ತಪ್ಪೇನಿಲ್ರಿ. ನಮ್ಮ ಮನಿತನಕ್ಕ ನೆಲದ ಶಾಪ ಅದ. ನಮ್ಮ ಕಾಲ ಕೆಳಗ ಅದು ನಿಲ್ಲೂದಿಲ್ಲ.”

ಇದೇನು ಮಾತು ಎಂದು ಮಡೆಪ್ಪನಿಗೆ ತಿಳಿಯಲಿಲ್ಲ. ಆದರೆ ಆಕೆ ಅದನ್ನು ಸಂಕಟಕ್ಕೆ ಆಡಿದ್ದಲ್ಲ, ಬಹಳ ದಿನದಿಂದ ಗೊತ್ತಿದ್ದ ಸಂಗತಿ ಹೇಳಿದ ಹಾಗಿತ್ತು. ಅವನು ಎದ್ದು ಕೈ ಮಣ್ಣು ಒರೆಸಿಕೊಂಡು, ಈ ಸಲ ಕಿವಿ ಕೊಟ್ಟು ಕೇಳಿದ. ಉಸ್ತಾದರು ಹೇಗೆ ಮಾಡುತ್ತಿದ್ದರು, ಹೇಳಿಕೊಡಿ ಎಂದ. ಐವತ್ತು ದಾಟಿದ ಗೌಂಡಿ ಹಾಗೆ ಕೇಳುವುದು ಸಣ್ಣ ಮಾತಲ್ಲ, ಅದು ಆಕೆಗೂ ಗೊತ್ತಿತ್ತು.

ಆಕೆ ಕೂತು ಹೇಳಿದಳು. ಸುರಂಗದಲ್ಲಿ ಕೆಂಪು ಕಲ್ಲು ಮುಗಿದು ಬಿಳಿ ಜೇಡಿ ಹತ್ತುವ ಕಡೆ, ಬಾಯಿಯ ಸುತ್ತ ಕಲ್ಲು ಕಟ್ಟಿ ಹಿಂದೆ ಮುರುಮ ತುಂಬಬೇಕಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಆಕೆಯೇ ಬುಟ್ಟಿ ಹೊತ್ತಿದ್ದಳು. ಒಂದು ಸಲಕ್ಕೆ ನಾಲ್ಕು ಬೆರಳು ದಪ್ಪ, ಹೆಚ್ಚು ಬೇಡ. ಸಂಜೆ ನೀರು ಕುಡಿಸಿ ಬಿಡಬೇಕು. ಬೆಳಿಗ್ಗೆ ಒಂದು ಹಿಡಿ ಎತ್ತಿ ಅದುಮಿದರೆ ಉಂಡೆಯಾಗಬೇಕು, ಅಂಗೈ ಮಾತ್ರ ಒದ್ದೆಯಾಗಬಾರದು. ಆಗ ಬರಿಗಾಲಲ್ಲಿ ತುಳಿಯಬೇಕು. ದಿಮ್ಮಸು ಮೇಲಿನ ಪದರವನ್ನಷ್ಟೇ ಬಡಿಯುತ್ತದೆ, ಹಿಮ್ಮಡಿ ಒಳಗಿನದನ್ನು ಒತ್ತುತ್ತದೆ. ಹಿಮ್ಮಡಿಯ ಗುರುತು ಮೂಡದೆ ಹೋಗುವವರೆಗೆ ತುಳಿದು, ಆಮೇಲೆ ಮೇಲಿನ ಪದರ.

ಲೆಕ್ಕ ಹಾಕಿದರೆ ಸೊಂಟದಾಳಕ್ಕೆ ಹನ್ನೆರಡು ಪದರ. ಮೃಗಶಿರ ಮಳೆಗೆ ಉಳಿದದ್ದು ಎರಡು ವಾರ. ಎರಡು ಕಾಲಿನಿಂದ ಆಗುವ ಕೆಲಸವಲ್ಲ. ಕುರಿ ಹಿಂಡು ಓಡಾಡಿಸಿದರೆ ಆದೀತೆಂದು ಮಡೆಪ್ಪ ಕುರಿಗಾರರನ್ನು ಹುಡುಕಿದ. ಅವರು ಮೇವು ಅರಸಿ ಯಾವಾಗಲೋ ಮಾಂಜ್ರಾ ನದಿಯ ಕಡೆ ಇಳಿದುಹೋಗಿದ್ದರು. ಮರುದಿನ ಅವನು ಭಾಲ್ಕಿಯ ರೈಲು ಹತ್ತಿ ಊರಿಗೆ ಬಂದು, ಅಂಗಳದಲ್ಲಿ ಕೂತು, ಇನ್ನು ನನ್ನಿಂದ ಆಗದು ಎಂದು ಈರಮ್ಮನ ಮುಂದೆ ಎಲ್ಲ ಹೇಳಿಬಿಟ್ಟ.

ಈರಮ್ಮ ಕೇಳುತ್ತಲೇ ಜೋಳ ಕೇರುತ್ತಿದ್ದಳು. ಕೇರುವುದು ನಿಲ್ಲಿಸಿ, ಮೊರ ಪಕ್ಕಕ್ಕಿಟ್ಟಳು.

“ಆವತ್ತ ಆ ಬಾವ್ಯಾಗ ಎಷ್ಟ ಮಂದಿ ಇಳದಿದ್ವಿ?”

“ಇಪ್ಪತ್ತೇಳ.”

“ಅಷ್ಟೂ ಮಂದಿಗಿ ಕಾಲ ಅವ ಇಲ್ಲ?” ಎಂದಳು ಈರಮ್ಮ. “ಅವರು ಒಂದ ಸುದ್ದಿ ಬೇಡಿದ್ರು. ನೀವು ಕಳಸಲಿಲ್ಲ. ಈಗ ಸುದ್ದಿ ಬ್ಯಾಡ, ನಾವೇ ಹೋಗೂಣು ನಡ್ರಿ.”

ಆಕೆ ಅದೇ ಸಂಜೆ ಮನೆ ಮನೆ ತಿರುಗಿದಳು. ಯಾರಿಗೂ ಹೆಚ್ಚು ಹೇಳುವ ಪ್ರಮೇಯ ಬರಲಿಲ್ಲ. ಉಸ್ತಾದನ ಹೆಂಡತಿ ಬಯಲಲ್ಲಿದ್ದಾಳೆ ಎಂದರೆ ಸಾಕಾಗುತ್ತಿತ್ತು. ಹೊಲ ಹರಗುವ ಕಾಲ, ಮಳೆ ತಲೆಯ ಮೇಲೆ, ಆದರೂ ಯಾರೂ ಹಿಂದೆ ಸರಿಯಲಿಲ್ಲ. ಬಾವಿಗಿಳಿದ ದಿನ ಭಯಕ್ಕೆ ಮಾತೇ ನಿಂತುಹೋಗಿದ್ದ ಹಾವಗೆಪ್ಪ ಎಲ್ಲರಿಗಿಂತ ಮೊದಲು ಬುತ್ತಿ ಕಟ್ಟಿಕೊಂಡ. ಸತ್ಯಮ್ಮ ಮಾತ್ರ ಬರುವಂತಿರಲಿಲ್ಲ. ಸಂಕ್ರಾಂತಿಯ ಮರುದಿನ, ತನ್ನ ಮನೆಯಲ್ಲಿ, ತನ್ನ ಕೌದಿಯ ಮೇಲೆ ಮಲಗಿದ್ದಾಗಲೇ ಆಕೆ ತೀರಿಕೊಂಡಿದ್ದಳು.

ಮೂರನೆಯ ದಿನದ ಬೆಳಗಿನ ರೈಲಿಗೆ ಇಪ್ಪತ್ತಾರು ಜನ ಬೀದರಿನಲ್ಲಿ ಇಳಿದರು. ಜೋಳದ ಹಿಟ್ಟು, ಶೇಂಗಾ ಹಿಂಡಿ, ಬುಟ್ಟಿ ಸಲಿಕೆ ಎಲ್ಲ ಹೊತ್ತುಕೊಂಡು ಚಿದ್ರಿಯ ರಸ್ತೆ ಹಿಡಿದರು. ಅಂಗಡಿಯವರು ಇದೇನು ಮದುವೆಯ ದಿಬ್ಬಣವೋ ಎಂದು ಹೊರಗೆ ಬಂದು ನೋಡಿದರು.

ನೀರು ಎಲ್ಲಿಂದ ಎಂಬ ಪ್ರಶ್ನೆ ಏಳಲೇ ಇಲ್ಲ. ಖಣಿಯಿಂದ ಕೂಗಳತೆಯ ದೂರದಲ್ಲೇ ಸುರಂಗ ಬಾವಿಯ ಆ ಬಾಯಿ ಇತ್ತು. ಎಲ್ಲರೂ ಅದರ ಸುತ್ತ ನಿಂತು ಕೆಳಗೆ ಇಣುಕಿದರು. ಬೇಸಿಗೆಯ ಕೊನೆಯಲ್ಲೂ ತಳದಲ್ಲಿ ನೀರು ಹೊಳೆಯುತ್ತಿತ್ತು. ಲಾಲ ಅಹ್ಮದ ಹೂಳು ತೆಗೆದು ತಿಳಿ ಮಾಡಿಟ್ಟ ನೀರು. ಹಾವಗೆಪ್ಪ ಚಪ್ಪಲಿ ಕಳಚಿ, ದಂಡೆಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಮೊದಲ ಕೊಡ ಸೇದಿದ.

ಹಳೆಯ ಮುರುಮವನ್ನೆಲ್ಲ ಎತ್ತಿ ಹೊರಹಾಕಿ ಮೊದಲಿನಿಂದ ಶುರು ಮಾಡಿದರು. ಸಂಜೆ ನಾಲ್ಕು ಬೆರಳು ಮುರುಮ ಹರವಿ ನೀರು ಕುಡಿಸುವುದು. ಬೆಳಿಗ್ಗೆ ಶಾಕಿರಾ ಬೇಗಂ ಬಂದು ಒಂದು ಹಿಡಿ ಅದುಮಿ ನೋಡಿ ಹೂಂ ಎನ್ನುವುದು. ಆಕೆ ಹೂಂ ಎನ್ನುವವರೆಗೆ ಮಡೆಪ್ಪನೂ ಒಳಗೆ ಕಾಲಿಡುತ್ತಿರಲಿಲ್ಲ. ಆಮೇಲೆ ಎರಡು ಸಾಲು, ಒಬ್ಬರ ಭುಜದ ಮೇಲೆ ಒಬ್ಬರು ಕೈಯಿಟ್ಟು, ತಗ್ಗಿನ ಆ ಅಂಚಿನಿಂದ ಈ ಅಂಚಿಗೆ ತುಳಿತ. ಹೆಂಗಸರು ರಾಶಿ ಮಾಡುವಾಗಿನ ಹಾಡು ಎತ್ತಿದರು. ಕೈ ಪಳಗಿದ ಮೇಲೆ ದಿನಕ್ಕೆ ಎರಡು ಪದರ ಏರತೊಡಗಿತು, ಬೆಳಿಗ್ಗೆ ಒಂದು, ಮಧ್ಯಾಹ್ನದ ಬಿಸಿಲಿಗೆ ಹದ ಬಂದ ಮೇಲೆ ಒಂದು. ಕಾಲಿನ ಬಿರುಕುಗಳಲ್ಲಿ ಕೆಂಪು ಕೂತು ಎಲ್ಲರ ಹಿಮ್ಮಡಿಯೂ ಒಂದೇ ಬಣ್ಣವಾಯಿತು.

ಇವರೆಲ್ಲ ಯಾರು ಎಂದು ಶಾಕಿರಾ ಬೇಗಂ ಮೊದಲ ದಿನವೇ ಕೇಳಿದ್ದಳು. ನಮ್ಮೂರಿನವರು ಎಂದು ಮಡೆಪ್ಪ ಹಾರಿಸಿದ್ದ. ಆಕೆ ಒಪ್ಪಿದವಳ ಹಾಗೆ ಕೆಲಸಕ್ಕೆ ತಿರುಗಿದಳು, ಆದರೆ ನೋಡುತ್ತಲೇ ಇದ್ದಳು. ಬಾವಿಯ ಬಾಯಿಗೆ ಕೈ ಮುಗಿದು ನೀರು ಸೇದುವ ಕೂಲಿಗಳನ್ನು ಆಕೆ ಎಲ್ಲೂ ಕಂಡಿರಲಿಲ್ಲ. ಗುಲಶನ ನೀರು ಕೊಡಲು ಬಂದರೆ ಹೆಂಗಸರು ಅವಳನ್ನು ಕೂರಿಸಿ ತಾವೇ ಅವಳ ಕಾಲು ಒತ್ತುತ್ತಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಎಲ್ಲರೂ ಬೇವಿನ ನೆರಳಲ್ಲಿ ರೊಟ್ಟಿ ಬಿಚ್ಚಿದಾಗ, ಆಕೆ ಎಲ್ಲರಿಗೂ ಪುಂಡಿ ಪಲ್ಲೆ ಬಡಿಸುತ್ತ, ಮನಸ್ಸಿನಲ್ಲೇ ತಲೆ ಎಣಿಸುತ್ತ ಸಾಲಿನ ಕೊನೆಗೆ ಬಂದು ನಿಂತಳು. ಸರಾಯಿಗೆ ಹೋಗಿ ಬಂದಳು. ಬರುವಾಗ ಕೈಯಲ್ಲಿ ಆ ಹಗ್ಗ ಇತ್ತು.

ಮಡೆಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

“ಇದು ಅವರ ಪೆಟ್ಟಿಗ್ಯಾಗ ಸಿಕ್ತು,” ಎಂದಳು ಶಾಕಿರಾ ಬೇಗಂ. “ಇಪ್ಪತ್ತೆಂಟು ಗಂಟು ಅವ. ಒಂದು ಅವರದು. ನಾ ಸುರಂಗದವರ ಮನಿ ಮಗಳರಿ, ಬಿಚ್ಚಲಾರದ ಗಂಟಿನ ಅರ್ಥ ನನಗ ಗೊತ್ತದ. ಇಪ್ಪತ್ತೇಳ ಮಂದಿನ್ನ ಒಳಗ ಬಿಟ್ಟು ತಾವೊಬ್ಬರೇ ಹೊರಗ ಬಂದಾರ ಅಂತ ನಾ ತಿಳಕೊಂಡೇನಿ. ಈದಿಗಿ ಮನಿಗಿ ಬಂದಾಗ ಒಂದ ತುತ್ತ ನೆಟ್ಟಗ ಉಣ್ಣಲಿಲ್ಲ. ಕಾಗದ ಬಂತೇನು, ಕಾಗದ ಬಂತೇನು ಅಂತ ಬಾಗಲದಾಗೇ ನಿಂದರತಿದ್ರು. ಯಾರೋ ಸತ್ತವರ ಮನಿಯವರು ಬರ್ತಾರಂತ ಅಂಜ್ಯಾರ ಅನಕೊಂಡೆ. ಎಂಟ ತಿಂಗಳಾತು, ನಾ ನಮಾಜಿನ್ಯಾಗ ಅವರ ಸಲುವಾಗಿ ಏನೂ ಬೇಡಿಲ್ಲ. ಆ ಇಪ್ಪತ್ತೇಳ ಮಂದಿ ನಮ್ಮನ್ನ ಮಾಫ್ ಮಾಡ್ಲಿ ಅಂತಷ್ಟೇ ಬೇಡೇನಿ. ಈಗ ಹೇಳ್ರಿ ಗೌಂಡಿಯವರ. ನೀವೆಲ್ಲಾ ಯಾರು?”

ನೆಲದ ಶಾಪ ಎಂದರೆ ಏನೆಂದು ಮಡೆಪ್ಪನಿಗೆ ಆಗ ತಿಳಿಯಿತು. ತಾನು ಕಳಿಸದ ಒಂದು ಚೀಟಿ ಎಲ್ಲೆಲ್ಲಿ ಹೊಕ್ಕು ಏನೇನು ಕೆಡವಿದೆ ಎಂಬುದೂ ತಿಳಿಯಿತು. ಕೂತಲ್ಲಿಂದಲೇ ಹೇಳಿದ.

“ಭಾಬಿ, ನಾವೇ ಆ ಇಪ್ಪತ್ತೇಳ ಮಂದಿ. ಅವರು ಯಾರ್ನೂ ಒಳಗ ಬಿಟ್ಟಿಲ್ರಿ. ಒಬ್ಬೊಬ್ಬರ ಕೈ ಹಿಡದು ಬಿಸಲಿಗಿ ತಂದು ಬಿಟ್ರು. ಊರು ಮುಟ್ಟಿದ ಸುದ್ದಿ ಕಳಸ್ರಿ, ಗಂಟ ಬಿಚ್ಚತೇನಿ ಅಂದಿದ್ರು. ಸುದ್ದಿ ಕಳಸೂದು ನನ್ನ ಕೆಲಸ ಇತ್ತು. ನಾ ಕಳಸಲಿಲ್ಲ.”

ಶಾಕಿರಾ ಬೇಗಂ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಮತ್ತೆ ಅವರ ಕಾಲು ನೋಡಿದಳು. ಮಣ್ಣಿನ ಮೇಲೆ ಹಾಗೇ ಕೂತುಬಿಟ್ಟಳು. ಅಳು ಬಂತು, ಬಹಳ ದಿನ ತಡೆದ ಅಳು. ಈರಮ್ಮ ಎದ್ದುಹೋಗಿ ಪಕ್ಕದಲ್ಲಿ ಕೂತು ಆಕೆಯ ಬೆನ್ನ ಮೇಲೆ ಕೈಯಿಟ್ಟಳು.

ಅಳು ನಿಂತ ಮೇಲೆ ಆಕೆ ಮಡೆಪ್ಪನಿಗೆ ಒಂದು ಮಾತು ಅಂದಳು. ಒಂದು ಚೀಟಿ ಬರೆದಿದ್ದರೆ ಅವರು ಆ ಈದಿಗೆ ಹೊಟ್ಟೆ ತುಂಬ ಉಣ್ಣುತ್ತಿದ್ದರು ಎಂದಳು. ಅನ್ನಲೇಬೇಕಾದ ಮಾತು ಅದು. ಮಡೆಪ್ಪ ತಲೆ ತಗ್ಗಿಸಿ ಹೌದೆಂದ. ಆಮೇಲೆ ಆಕೆ ಹಗ್ಗದ ತುದಿ ತೊಡೆಯ ಮೇಲೆ ಎಳೆದುಕೊಂಡು, ಒಬ್ಬೊಬ್ಬರೇ ಬನ್ನಿ, ಹೆಸರು ಹೇಳಿ ಎಂದು ಕರೆದಳು.

ನೀರು ಕುಡಿದು ಒಣಗಿದ ಸೆಣಬು ಬಿಗಿದುಕೊಂಡಿತ್ತು. ಲಾಲ ಅಹ್ಮದ ದೀಪದ ಬತ್ತಿ ಎಳೆಯುತ್ತಿದ್ದ ಕಬ್ಬಿಣದ ಕಡ್ಡಿಯನ್ನು ಗಂಟಿನಲ್ಲಿ ತೂರಿಸಿ ಆಕೆ ಬಿಡಿಸಬೇಕಾಯಿತು. ಹಾವಗೆಪ್ಪ ಮೊದಲು ಬಂದ. ಹೆಸರು ಹೇಳಿ ಆಕೆಯ ಕಾಲು ಮುಟ್ಟಿದ. ಆಕೆ ಬೇಡವೆಂದು ಕಾಲು ಹಿಂದೆಗೆದು ಅವನ ತಲೆ ಸವರಿದಳು. ಒಂದೊಂದು ಗಂಟು ಬಿಚ್ಚಿದಾಗಲೂ ದೇವರ ಉಪಕಾರ ನೆನೆದು ಶುಕ್ರ್ ಎನ್ನುತ್ತಿದ್ದಳು. ಈರಮ್ಮನದು ಬಿಚ್ಚಿದಳು. ಮಡೆಪ್ಪನದನ್ನು ಬಿಚ್ಚುವಾಗ ಅವನ ಕಣ್ಣೀರು ಹಗ್ಗದ ಮೇಲೆ ಬಿತ್ತು, ಆಕೆ ನೋಡಿಯೂ ನೋಡದವಳ ಹಾಗೆ ಕಡ್ಡಿ ತಿರುಗಿಸಿದಳು. ಇಪ್ಪತ್ತಾರು ಮುಗಿದವು.

ಇನ್ನೊಬ್ಬರು ಎಂದು ಆಕೆ ತಲೆಯೆತ್ತಿದಳು. ಕಣ್ಣಲ್ಲಿ ಹಳೆಯ ಭಯ ಒಂದು ಕ್ಷಣ ಮರಳಿ ಬಂತು.

“ಸತ್ಯಮ್ಮಾಯಿದು,” ಎಂದಳು ಈರಮ್ಮ. “ಸಂಕ್ರಾಂತಿ ಉಂಡು, ತನ್ನ ಮನ್ಯಾಗ, ಮಮ್ಮಕ್ಕಳ ನಡುವ ಹೋದಳ್ರಿ. ಕಡೀತನಾ ನಿಮ್ಮ ಮನಿಯವರಿಗಿ ಹರಸತಿದ್ದಳು.”

ಶಾಕಿರಾ ಬೇಗಂ ಆ ಗಂಟನ್ನು ಎಲ್ಲಕ್ಕಿಂತ ನಿಧಾನವಾಗಿ ಬಿಚ್ಚಿದಳು. ಆಮೇಲೆ ಉಳಿದದ್ದು ತುದಿಯ ದೊಡ್ಡ ಗಂಟೊಂದೇ. ಅದರ ಮೇಲೆ ಕೈಯಾಡಿಸಿದಳು. ಅದನ್ನು ಮಾತ್ರ ಬಿಚ್ಚದೆ ಹಗ್ಗವನ್ನು ಸುತ್ತಿ ಎದೆಗೆ ಅವಚಿಕೊಂಡು ಎದ್ದಳು. ಇವತ್ತಿನಿಂದ ಅವರ ಸಲುವಾಗಿ ಬೇಡುತ್ತೇನೆ ಎಂದು ಹೇಳಿ, ಮಧ್ಯಾಹ್ನದ ಪದರ ಹದಕ್ಕೆ ಬಂದಿದೆ, ಏಳಿ, ತುಳಿಯಬೇಕು ಎಂದು ಎಲ್ಲರನ್ನೂ ಎಬ್ಬಿಸಿದಳು. ಆ ದಿನ ಆಕೆಯೂ ಸೀರೆ ಎತ್ತಿಕಟ್ಟಿ ಸಾಲಿನಲ್ಲಿ ನಿಂತಳು. ಒಂದು ಕೈ ಈರಮ್ಮನ ಭುಜದ ಮೇಲೆ, ಹಿಂದಿನಿಂದ ಹಾವಗೆಪ್ಪನ ಹೆಂಡತಿಯ ಕೈ ಆಕೆಯ ಭುಜದ ಮೇಲೆ.

ಹನ್ನೆರಡನೆಯ ಪದರದ ಮೇಲೆ ಹಿಮ್ಮಡಿ ಒತ್ತಿದರೂ ಗುರುತು ಮೂಡಲಿಲ್ಲ. ಊರಿನವರು ಹೊಲಗಳಿಗೆ ಮರಳಿದರು, ನಾಲ್ಕು ಜನ ಉಳಿದು ಗೋಡೆ ಏರಿಸಲು ಕೈಗೂಡಿಸಿದರು. ಆ ಸಲ ಒಂದು ವಾರ ತಡವಾಗಿ ಮೃಗಶಿರ ಮಳೆ ಹಿಡಿದ ದಿನ ಹೆಂಚು ಹೊದಿಸಿ ಮುಗಿದಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡದೆ ಸುರಿಯಿತು. ಮಡೆಪ್ಪ ಗೋಣಿಚೀಲ ತಲೆಗೆ ಹಾಕಿಕೊಂಡು ಮೂಡಣ ಮೂಲೆಯಲ್ಲಿ ತೂಕದ ಗುಂಡು ಇಳಿಬಿಟ್ಟು ನಿಂತೇ ಇದ್ದ. ದಾರ ಗೋಡೆಯಿಂದ ಒಂದು ಕೂದಲೂ ಸರಿಯಲಿಲ್ಲ. ಮಳೆಯಲ್ಲಿ ನಿಂತು ಅವನು ನಕ್ಕದ್ದು ಹುಟ್ಟಿದ ಮೇಲೆ ಅದೇ ಮೊದಲು. ಮಕ್ಬೂಲ ಅದನ್ನು ಕಂಡು ಒಳಗೆ ಹೋಗಿ ಎಲ್ಲರಿಗೂ ಹೇಳಿದ.

ಆಷಾಢದಲ್ಲಿ ಗುಲಶನ ಹೆಣ್ಣು ಹೆತ್ತಳು. ಸುದ್ದಿ ಭಾತಂಬ್ರಾಕ್ಕೆ ಕಾಗದದಲ್ಲೇ ಬಂತು. ಮಡೆಪ್ಪ, ಈರಮ್ಮ ಕುಬಸದ ಬಟ್ಟೆ, ಬಾಣಂತಿಗೆ ಕೊಬ್ಬರಿ ಬೆಲ್ಲ ಹೊತ್ತು ನೋಡಲು ಬಂದರು. ಖೋಲಿಯ ನಡುತೊಲೆಗೆ ತೊಟ್ಟಿಲು ಕಟ್ಟಿದ್ದರು. ಸೆಣಬಿನ ಹಗ್ಗ, ಅಲ್ಲಲ್ಲಿ ಗಂಟು ಬಿಚ್ಚಿದ ಸೊಟ್ಟ ಉಳಿದಿತ್ತು, ಮೇಲೆ ತೊಲೆಯ ಹತ್ತಿರ ಒಂದೇ ಒಂದು ದೊಡ್ಡ ಗಂಟು. ತೊಟ್ಟಿಲು ತೂಗಿದಾಗಲೆಲ್ಲ ಆ ಗಂಟು ಕಟ್ಟಿಗೆಗೆ ತಾಗಿ ಟಕ್ ಟಕ್ ಎನ್ನುತ್ತಿತ್ತು. ಮಡೆಪ್ಪನ ಗೌಂಡಿ ಕಣ್ಣು ಸುಮ್ಮನಿರಲಿಲ್ಲ. ಆ ಗಂಟು ಬಿಚ್ಚಿ ಕಟ್ಟಿದರೆ ಸಪ್ಪಳ ಆಗುವುದಿಲ್ಲ, ಕೂಸು ಎಚ್ಚರಾದೀತು, ನಾನೇ ಸರಿಮಾಡಿಕೊಡುತ್ತೇನೆ ಎಂದು ಏಳಲು ಹೋದ.

ಶಾಕಿರಾ ಬೇಗಂ ಅವನ ತೋಳು ಹಿಡಿದು ಕೂರಿಸಿದಳು. ಅಷ್ಟು ದಿನ ಗೌಂಡಿಯವರ ಎಂದು ಕರೆಯುತ್ತಿದ್ದವಳು ಆವತ್ತು ಬೇರೆ ಕರೆದಳು.

“ಇರ್ಲಿ ಬಿಡ್ರಿ ಭಾಯಿ,” ಎಂದಳು. “ಮನ್ಯಾಗ ಅವರದೂ ಒಂದ ಸಪ್ಪಳ ಇರ್ಲಿ.”